ಟೀಚರ್ ಕ್ಷಮಿಸಿರಲಿಲ್ಲ

ಮೊನ್ನೆ ಬೆಳ್ತಂಗಡಿಯ ಬಸ್ಸಿನಲ್ಲಿ ಪಕ್ಕದ ಸೀಟಿನ ಅಜ್ಜ ನಶ್ಯದ ಡಬ್ಬಿ ತೆರೆದರು. ಆ ಘಾಟು ಮೂಗಿಗೆ ಬಡಿದದ್ದೇ ತಡ, ಜಿಗಣೆ ಹತ್ತಿದೆಯೋ ಎಂಬಂತೆ ನನ್ನ ಕೈ ತಾನಾಗಿ ಕಾಲಿನತ್ತ ಹೋಯಿತು. ತೆಂಗಿನೆಣ್ಣೆಯಲ್ಲಿ ಕಲಸಿದ ನಶ್ಯ... ನಾನು ಹತ್ತನೇ ತರಗತಿಯಲ್ಲಿದ್ದಾಗ, ಒಂದು ಅಕ್ಟೋಬರಿನ ಬೆಳಿಗ್ಗೆ, ಮುಂಡಾಜೆಯ ಹತ್ತಿರ ಬಸ್ಸಿಳಿದು ಕಾಡಿನ ದಾರಿ ಹಿಡಿಯುವ ಮೊದಲು ಜಿಗಣೆ ಹತ್ತದಿರಲೆಂದು ನಮ್ಮ ವಿಜ್ಞಾನದ ಟೀಚರ್ ಅದನ್ನು ನಮ್ಮೆಲ್ಲರ ಕಾಲಿಗೆ ಹಚ್ಚಿದ್ದರು. ಮೊನ್ನೆ ನಾನು ಹೊರಟಿದ್ದದ್ದು ಆಗ ಓದುತ್ತಿದ್ದ ಅದೇ ಶಾಲೆಗೆ. ಟೀಚರ್ ತೀರಿಕೊಂಡಿದ್ದರು. ಅವರಿಗೆ ಶ್ರದ್ಧಾಂಜಲಿ ಸಭೆ ಇಟ್ಟಿದ್ದರು.

ಟೀಚರ್ ಮಹಾ ಕೋಪಿಷ್ಠೆ. ಅವರ ಕೈಯಲ್ಲಿ ಸೀಮೆಸುಣ್ಣ ಮುರಿಯದ ದಿನವಿರಲಿಲ್ಲ. ಪಾಠವನ್ನು ಪುಸ್ತಕದ ಕನ್ನಡದಲ್ಲಿ ಮಾಡುತ್ತಿದ್ದರು, ಬೈಗುಳ ಮಾತ್ರ ತುಳುವಿನಲ್ಲಿ. ಬೈದು ಮುಗಿಸಿ ಮತ್ತೆ ಕನ್ನಡಕ್ಕೆ ಬಂದರೆ ಸಿಟ್ಟು ಇಳಿಯಿತೆಂದು ನಮಗೆ ಗೊತ್ತಾಗುತ್ತಿತ್ತು. ಮೂಡುಬಿದಿರೆ ಹತ್ತಿರದ ಪುತ್ತಿಗೆಯವರು, ಮದುವೆಯಾಗಿರಲಿಲ್ಲ, ಶಾಲೆಯ ಬಳಿಯೇ ಒಂದು ಕೋಣೆ ಹಿಡಿದಿದ್ದರು. ರಜೆ ಸಿಕ್ಕಿದರೆ ನಡೆಯುವುದು ಅವರ ಹುಚ್ಚು. ಬಂಟ್ವಾಳದಿಂದ ಹೊರಟು ಬೆಳ್ತಂಗಡಿ ದಾಟಿ ಘಟ್ಟ ಹತ್ತುವ ಹಳೆಯ ಕಾಲುದಾರಿಯೊಂದಿತ್ತು. ರಸ್ತೆಯಾಗುವ ಮೊದಲು ಎತ್ತುಗಳ ಮೇಲೆ ಉಪ್ಪು ಹೇರಿಕೊಂಡು ಜನ ಅದರಲ್ಲಿ ದಿನಗಟ್ಟಲೆ ನಡೆಯುತ್ತಿದ್ದರಂತೆ. ಅದನ್ನು ತುಂಡು ತುಂಡಾಗಿ ನಡೆದು ಮುಗಿಸಬೇಕೆಂದು ಅವರಿಗಿತ್ತು. ಆ ವರ್ಷ ಒಂದು ದಿನದ ತುಂಡಿಗೆ ನಮ್ಮನ್ನೂ ಕರೆದರು, ಹುಡುಗಿಯರನ್ನು ಮಾತ್ರ.

"ಹುಡುಗರಿಗೆ ಕ್ಯಾಂಪ್ ಉಂಟು, ಕ್ರಿಕೆಟ್ ಉಂಟು. ನಿಮಗೆ ಎಂತ ಉಂಟು?" ಎಂದು ಕೇಳಿದ್ದರು.

ಪ್ರತಿ ಮನೆಗೂ ಬಂದು ಒಪ್ಪಿಗೆ ಕೇಳಿದರು. ನನ್ನ ಅಪ್ಪ ನಗುತ್ತಲೇ, "ಕರ್ಕೊಂಡು ಹೋಗಿ ಟೀಚರ್, ಇವಳು ಸ್ವಲ್ಪ ನಡೆಯಲಿ" ಎಂದಿದ್ದರು. ಆ ಮಾತನ್ನು ನಾನು ಮರೆತಿಲ್ಲ.

ಮಳೆ ಹೋಯಿತೆಂದುಕೊಂಡಿದ್ದೆವು, ಹೋಗಿರಲಿಲ್ಲ. ದಾರಿ ಎಂದರೆ ಬರೀ ಕೆಸರು. ಒಂದು ಕಾಲು ಕಿತ್ತರೆ ಇನ್ನೊಂದು ಹೂತುಹೋಗುತ್ತಿತ್ತು. ಹಳ್ಳ ದಾಟುವಾಗ ಒಬ್ಬಳ ಚಪ್ಪಲಿ ತೇಲಿಹೋಯಿತು. ಅವಳು ಅಳುವ ಬದಲು ನಕ್ಕಳು, ಎಲ್ಲರೂ ನಕ್ಕೆವು. ಮನೆಯಲ್ಲಿ ಅಷ್ಟು ಜೋರಾಗಿ ನಕ್ಕರೆ ಯಾರಾದರೂ ಗದರಿಸುತ್ತಿದ್ದರು. ಅಲ್ಲಿ ಗದರಿಸಬೇಕಾದ ಟೀಚರ್ ಬಂಡೆಯ ಮೇಲೆ ಕೂತು ಕಾಲಿನ ಜಿಗಣೆ ಕೀಳುತ್ತಿದ್ದರು. ಮಧ್ಯಾಹ್ನ ಬುತ್ತಿ ಬಿಚ್ಚಿದಾಗ ಮಂಜು ಸರಿದು ಕೆಳಗಿನ ಊರುಗಳು ಕಂಡವು... ನಮ್ಮ ಶಾಲೆ ಎಲ್ಲಿರಬಹುದೆಂದು ಹುಡುಕಿದೆವು, ಸಿಗಲಿಲ್ಲ.

ಇಳಿಯುವಾಗ ಗುಡುಗು ಮಳೆ ಹಿಡಿಯಿತು. ಒಂದು ಬೇರಿನ ಮೇಲೆ ನನ್ನ ಕಾಲು ಜಾರಿ ಪಾದ ತಿರುಚಿಕೊಂಡಿತು. ಮೂಳೆ ಮುರಿದ ಸದ್ದು ನನಗೇ ಕೇಳಿಸಿತ್ತು. ಟೀಚರ್ ತಮ್ಮ ಶಾಲಿನಿಂದ ಕಾಲನ್ನು ಬಿಗಿದು ನನ್ನನ್ನು ಬೆನ್ನ ಮೇಲೆ ಹೊತ್ತರು. ಸುಸ್ತಾದಾಗ ಇಬ್ಬರು ಹುಡುಗಿಯರು ಹೆಗಲು ಕೊಟ್ಟರು, ಆಮೇಲೆ ಮತ್ತೆ ಅವರೇ ಹೊತ್ತರು. ಹಾಗೆ ಮಣ್ಣುರಸ್ತೆ ಸಿಗುವವರೆಗೆ ಬಂದೆವು. ಅಲ್ಲಿ ತೋಟವೊಂದಕ್ಕೆ ಗೊಬ್ಬರ ತಂದಿದ್ದ ಹಳೆಯ ಜೀಪು ನಿಂತಿತ್ತು. ಓಡಿಸುತ್ತಿದ್ದವರು ವಯಸ್ಸಾದ ಬ್ಯಾರಿ ಮುಸ್ಲಿಮರು, ಊರಿನವರೆಲ್ಲ ಕಾಕ ಎನ್ನುತ್ತಿದ್ದವರು, ತಲೆಗೆ ಬಿಳಿ ಟೊಪ್ಪಿ. ನನ್ನ ಕಾಲು ನೋಡಿದ್ದೇ ಉಳಿದ ಮೂಟೆಗಳನ್ನು ರಸ್ತೆ ಬದಿಗೆ ಇಳಿಸಿ, ಸೀಟಿನ ಮೇಲೆ ತಮ್ಮ ಮಳೆಕೋಟು ಹಾಸಿದರು. "ನಿಧಾನ ಮಗಳೇ, ಆಸ್ಪತ್ರೆಗೆ ಈಗ ಮುಟ್ಟಿಸ್ತೇನೆ" ಎಂದರು.

ಮುಖ್ಯರಸ್ತೆ ಸೇರುವಲ್ಲಿ ಬೈಕುಗಳನ್ನು ಅಡ್ಡ ನಿಲ್ಲಿಸಿಕೊಂಡು ಕೆಲವು ಯುವಕರು ಕಾಯುತ್ತಿದ್ದರು. ಹುಡುಗಿಯರು ತುಂಬಿದ ಜೀಪು, ಸ್ಟಿಯರಿಂಗ್ ಹಿಡಿದವರ ತಲೆಯ ಟೊಪ್ಪಿ, ಇಷ್ಟನ್ನು ಕಂಡು ಯಾರೋ ಫೋನು ಮಾಡಿದ್ದರಂತೆ.

"ಹುಡುಗಿಯರನ್ನು ಎಲ್ಲಿಗೆ ಸಾಗಿಸುವುದು?" ಎಂದ ಮುಂದೆ ನಿಂತವನು.

"ಮಗುವಿನ ಕಾಲು ಮುರಿದದ್ದು. ಆಸ್ಪತ್ರೆಗೆ" ಎಂದರು ಕಾಕ.

ಅವನು ಕಾಕನ ಕಾಲರ್ ಹಿಡಿದು ಕೆಳಗೆಳೆದ. ಟೊಪ್ಪಿ ಕೆಸರಿಗೆ ಬಿತ್ತು. ಅವನ ಅಜ್ಜನ ವಯಸ್ಸು ಅವರದು. ಟೀಚರ್ ಹಿಂದಿನಿಂದ ಇಳಿದು ಬಂದರು, ಸೊಂಟದವರೆಗೆ ಕೆಸರು. ಅವನ ಗುರುತು ಅವರಿಗಿತ್ತು, ಅವನಿಗೂ ಅವರ ಗುರುತು ಸಿಕ್ಕಿತು. ನಮ್ಮದೇ ಶಾಲೆಯಲ್ಲಿ ಕಲಿತವನು.

"ಬಿಡು ಅವರನ್ನು."

"ನೀವು ಸುಮ್ಮನೆ ಕೂತ್ಕೊಳ್ಳಿ ಟೀಚರ್. ಇವರ ಕಥೆ ನಿಮಗೆ ಗೊತ್ತಿಲ್ಲ."

ಟೀಚರ್ ಅವನ ಕೆನ್ನೆಗೆ ಬಾರಿಸಿದರು. ಅಂದು ಅವರ ಬಾಯಿಂದ ತುಳು ಬರಲಿಲ್ಲ. ತರಗತಿಯಲ್ಲಿ ಉತ್ತರ ಬರೆಸುವ ಹಾಗೆ, ಒಂದೊಂದೇ ಶಬ್ದವಾಗಿ, "ನಿನಗೆ ನಾನು ಪಾಠ ಮಾಡಿದ್ದೇನೆ. ಆ ನಾಚಿಕೆ ನನಗೆ ಉಂಟು. ದಾರಿ ಬಿಡು" ಎಂದರು. ಅಷ್ಟರಲ್ಲಿ ಹಿಂದಿನಿಂದ ಬಸ್ಸೊಂದು ಬಂದು ಹಾರ್ನ್ ಹಾಕತೊಡಗಿತು. ಬೈಕುಗಳು ಸರಿದವು. ಕಾಕ ಟೊಪ್ಪಿಯನ್ನು ಹೆಕ್ಕಿ, ಹಿಂಡಿ, ಜೇಬಿಗೆ ತುರುಕಿಕೊಂಡು ಜೀಪು ಹತ್ತಿದರು.

ಮರುದಿನ ಊರಿನವರ ಮೊಬೈಲುಗಳಲ್ಲೆಲ್ಲ ಬೈಕಿನವರಲ್ಲೊಬ್ಬ ತೆಗೆದ ವಿಡಿಯೊ ಓಡಾಡಿತು. ಅದು ಶುರುವಾಗುವುದೇ ಏಟಿನಿಂದ. ಕಾಲರ್ ಇಲ್ಲ, ಟೊಪ್ಪಿ ಇಲ್ಲ, ಮುರಿದ ಕಾಲು ಇಲ್ಲ. ನಮ್ಮೂರಿನ ಹುಡುಗನಿಗೆ ಟೀಚರ್ ಹೊಡೆದರು, ಅಷ್ಟೇ. ಅದೇ ವಾರ ಕಾಕನ ಜೀಪಿನ ಗಾಜು ಪುಡಿಯಾಯಿತು. ಯಾರು ಒಡೆದರೆಂದು ಯಾರೂ ಕೇಳಲಿಲ್ಲ. ಅವರು ಜೀಪನ್ನೇ ಮಾರಿಬಿಟ್ಟರು.

ಶಾಲೆಯಲ್ಲಿ ಸಭೆ ಸೇರಿತು. ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡೇ ನಾನೂ ಹಟ ಹಿಡಿದು ಹೋದೆ. ಆಡಳಿತ ಮಂಡಳಿಯ ಅಧ್ಯಕ್ಷರು ತುಂಬ ಮೆತ್ತಗೆ ಮಾತಾಡಿದರು. "ಒಂದು ಸಾರಿ ತಪ್ಪಾಯ್ತು ಅಂತ ಹೇಳಿಬಿಡಿ ಟೀಚರ್. ವಿಷಯ ಇಲ್ಲಿಗೆ ಮುಗಿಸುವ."

"ಯಾರಿಗೆ?"

"ಆ ಹುಡುಗನಿಗೆ."

"ಅವನು ಮೊದಲು ಕಾಕನಿಗೆ ಹೇಳಲಿ."

ಆಗ ಎದ್ದು ನಿಂತದ್ದು ನನ್ನ ಅಪ್ಪ. "ಪ್ರಾಯಕ್ಕೆ ಬಂದ ಹೆಣ್ಣುಮಕ್ಕಳನ್ನು ಕಾಡಿಗೆ ಕರ್ಕೊಂಡು ಹೋದದ್ದೇ ತಪ್ಪು. ನಮ್ಮನ್ನು ಸರಿಯಾಗಿ ಕೇಳಲಿಲ್ಲ" ಎಂದರು. ನಾನು ಗೋಡೆ ಹಿಡಿದು ಎದ್ದೆ. ಅಪ್ಪ ನಗುತ್ತ ಒಪ್ಪಿದ್ದನ್ನು ಹೇಳಿದೆ, ಕಾಲರಿನಿಂದ ಹಿಡಿದು ಎಲ್ಲವನ್ನೂ ಹೇಳಿದೆ. ಅಧ್ಯಕ್ಷರು ಮುಗುಳ್ನಕ್ಕರು. "ನೋವಿನಲ್ಲಿ ಮಗುವಿಗೆ ಏನೂ ನೆನಪಿರುವುದಿಲ್ಲ. ಕೂತ್ಕೊ ಮಗಾ." ಜೊತೆಗೆ ನಡೆದಿದ್ದ ಹುಡುಗಿಯರನ್ನು ಅವರವರ ಮನೆಯವರು ಕಳಿಸಿಯೇ ಇರಲಿಲ್ಲ. ನಾನು ಕೂರಲಿಲ್ಲ. ಆದರೆ ನಿಂತದ್ದರಿಂದ ಏನೂ ಆಗಲಿಲ್ಲ. ಟೀಚರ್ ಕೆಲಸ ಖಾಯಂ ಆಗಿರಲಿಲ್ಲ. ದೀಪಾವಳಿ ರಜೆ ಮುಗಿದ ಮೇಲೆ ಬರುವುದು ಬೇಡ ಎಂದರು.

ಕೆಲವು ವರ್ಷಗಳ ನಂತರ ನಾನು ಮೂಡುಬಿದಿರೆಯಲ್ಲಿ ಕಾಲೇಜು ಓದುವಾಗ ಪುತ್ತಿಗೆಯ ಅವರ ಮನೆ ಹುಡುಕಿಕೊಂಡು ಹೋದೆ. ಮಕ್ಕಳಿಗೆ ಟ್ಯೂಷನ್ ಹೇಳುತ್ತಿದ್ದರು. ಕೂದಲು ಬೆಳ್ಳಗಾಗಿತ್ತು. ನನ್ನ ನಡಿಗೆ ನೋಡಿದ್ದೇ, ಕುಂಟುತ್ತೀಯಲ್ಲ, ವ್ಯಾಯಾಮ ಮಾಡಲಿಲ್ಲ ಎಂದು ತುಳುವಿನಲ್ಲಿ ಬೈದರು. ನನಗೆ ಎಷ್ಟು ಸಂತೋಷವಾಯಿತೆಂದರೆ... ಚಹಾ ಕುಡಿಯುವಾಗ ಹೇಳಿದರು, ಕೆಲಸ ಹೋದ ವಾರವೇ ಕಾಕನ ಮನೆಗೆ ಹೋಗಿ ಕ್ಷಮೆ ಕೇಳಿದರಂತೆ. ನಮ್ಮ ಸಹವಾಸದಿಂದ ನಿಮಗೆ ಹೀಗಾಯಿತು ಎಂದರಂತೆ. ಕಾಕ ಅವರನ್ನು ಊಟ ಮಾಡಿಸಿ ಕಳಿಸಿದರಂತೆ. ಉಳಿದ ದಾರಿ ನಡೆದಿರಾ ಎಂದು ಕೇಳಿದೆ. "ಇಲ್ಲ. ಮನಸ್ಸು ಬರಲಿಲ್ಲ" ಎಂದರು.

ಹೊರಡುವಾಗ ಅಂಗಳದವರೆಗೆ ಬಂದರು. "ನಿನ್ನ ಅಪ್ಪನಿಗೆ ಹೇಳು, ಟೀಚರ್ ಕ್ಷಮಿಸಿಲ್ಲ ಅಂತ. ದೊಡ್ಡ ಮನಸ್ಸು ಮಾಡಿದ್ದಾರೆ, ಹಾಗೆ ಹೀಗೆ ಅಂತ ಹೇಳ್ಬೇಡ. ಕ್ಷಮಿಸಿಲ್ಲ."

ಮನೆಗೆ ಹೋಗಿ ಅಪ್ಪನಿಗೆ ಹಾಗೆಯೇ ಹೇಳಿದೆ. ಅಪ್ಪ ಪೇಪರಿನಿಂದ ತಲೆ ಎತ್ತಲಿಲ್ಲ. ಆ ಪುಟವನ್ನೂ ಮಗುಚಲಿಲ್ಲ.

ಮೊನ್ನೆಯ ಸಭೆಯಲ್ಲಿ ಮೈಕು ಹಿಡಿದವನು ಅವನೇ, ಏಟು ತಿಂದವನು. ಈಗ ಆಡಳಿತ ಮಂಡಳಿಯ ಸದಸ್ಯ. "ಟೀಚರ್ ಕೈಯ ಏಟು ತಿಂದೇ ನಾವೆಲ್ಲ ಮನುಷ್ಯರಾದದ್ದು. ನನಗೂ ಒಂದು ಬಿದ್ದಿತ್ತು" ಎಂದ. ಸಭೆ ಪ್ರೀತಿಯಿಂದ ನಕ್ಕಿತು. ಆ ನಗು ಕೇಳಿ ನನ್ನ ಮೈ ಉರಿದುಹೋಯಿತು. ನನ್ನ ಸರದಿ ಬರುವವರೆಗೆ ಕಾಯಲಿಲ್ಲ. ನೇರ ಹೋಗಿ ಮೈಕು ತೆಗೆದುಕೊಂಡು, ಆ ಏಟು ಯಾವ ಏಟೆಂದು ಹೇಳಿದೆ. ಕಾಕ, ಟೊಪ್ಪಿ, ಜೀಪಿನ ಗಾಜು, ಇದೇ ಸಭಾಂಗಣದಲ್ಲಿ ನಡೆದ ಆ ಇನ್ನೊಂದು ಸಭೆ. ನಡುವೆ ಎಲ್ಲೋ ಮೈಕು ಸತ್ತಿತು. ಕೆಟ್ಟಿತೋ, ಯಾರಾದರೂ ಆರಿಸಿದರೋ ಗೊತ್ತಿಲ್ಲ. ಗಂಟಲೆತ್ತಿ ಉಳಿದದ್ದನ್ನೂ ಹೇಳಿ ಮುಗಿಸಿದೆ. ಕೆಲವರು ನೆಲ ನೋಡಿದರು, ಹೆಚ್ಚಿನವರು ಮೊಬೈಲು ನೋಡಿದರು.

ಕೆಳಗಿಳಿಯುವಾಗ ಅವನು ಹತ್ತಿರ ಬಂದು, "ಮೇಡಂ, ಅದೆಲ್ಲ ಹಳೆಯ ವಿಷಯ. ಇವತ್ತು ಯಾಕೆ?" ಎಂದ.

"ಇವತ್ತು ನೀನು ನಗಿಸಿದೆಯಲ್ಲ, ಅದಕ್ಕೆ" ಎಂದೆ.

ಹೂ ಹಾಕಲು ಫೋಟೊದ ಮುಂದೆ ನಿಂತೆ. ಎಲ್ಲಿಂದ ಹುಡುಕಿ ತಂದಿದ್ದರೋ... ತಲೆ ಸ್ವಲ್ಪ ವಾಲಿಸಿ, ಯಾರ ಮೇಲೂ ಸಿಟ್ಟೇ ಇಲ್ಲದವರ ಹಾಗೆ ಟೀಚರ್ ನಗುತ್ತಿದ್ದರು. ನಾನು ಆ ಮುಖದಲ್ಲಿ ಅವರನ್ನು ತುಂಬ ಹೊತ್ತು ಹುಡುಕಿದೆ. ಹಿಂದಿನವರು "ಸ್ವಲ್ಪ ಸರಿಯಿರಿ" ಎಂದರು. ಹೂವನ್ನು ತಟ್ಟೆಯಲ್ಲೇ ಬಿಟ್ಟು ಹೊರಗೆ ಬಂದೆ.