ಸೀಗೆಪುಡಿಯಲ್ಲಿ ತೊಳೆದ ಫಿಲ್ಟರ್

ಬೈಕಿನ ಹಳೆಯ ಏರ್ ಫಿಲ್ಟರನ್ನು ಹೊರಗೆಳೆದ ಕೂಡಲೇ ದೂಳು, ಪೆಟ್ರೋಲು, ಬಿಸಿಲಿಗೆ ಕಾದ ಪ್ಲಾಸ್ಟಿಕ್ಕು ಎಲ್ಲ ಬೆರೆತ ಘಾಟು ಮೂಗಿಗೆ ಬಡಿಯಿತು. ಇಷ್ಟು ಚಿಕ್ಕ ಕೆಲಸಕ್ಕೆ ಯಾರ ಹಂಗೂ ಬೇಡ ಎನ್ನುವವಳು ನಾನು. ಹೊಸದನ್ನು ಕೂರಿಸುವುದು ಬಿಟ್ಟು ಹಳೆಯದನ್ನೇ ಮೂಸುತ್ತಾ ಕೂತದ್ದನ್ನು ಕಂಡು ನಮ್ಮ ಅಪಾರ್ಟ್‌ಮೆಂಟಿನ ವಾಚ್‌ಮನ್ನಿಗೆ ನನ್ನ ತಲೆ ಕೆಟ್ಟಿದೆ ಅನ್ನಿಸಿರಬೇಕು. ಅವನಿಗೇನು ಗೊತ್ತು, ಕೊಡಿಗೇಹಳ್ಳಿಯ ಇದೇ ಪಾರ್ಕಿಂಗ್ ಜಾಗದಲ್ಲಿ ಹಿಂದೆ ನಮ್ಮ ಮನೆಯ ಅಂಗಳವಿತ್ತು. ಶನಿವಾರ ಬೆಳಿಗ್ಗೆ ಅಲ್ಲಿ ಇದೇ ವಾಸನೆ ಇರುತ್ತಿತ್ತು.

ಅಪ್ಪನ ಅಣ್ಣ, ನಮ್ಮ ದೊಡ್ಡಪ್ಪ, ಆ ಹೊತ್ತಿಗೆ ತನ್ನ ಬೈಕಿನ ಫಿಲ್ಟರನ್ನು ಬಿಚ್ಚುತ್ತಿದ್ದ. ಆಗಿನದು ಸ್ಪಂಜಿನದು. ಸೀಮೆಎಣ್ಣೆಯಲ್ಲಿ ಅದ್ದಿ, ಕಪ್ಪೆಲ್ಲ ಇಳಿಯುವವರೆಗೆ ಹಿಂಡಿ, ಒಣಗಿಸಿ, ಇಂಜಿನ್ ಆಯಿಲ್ ಸವರಿ ಮತ್ತೆ ಕೂರಿಸುತ್ತಿದ್ದ. ದೊಡ್ಡಮ್ಮನಿಗೆ ಉಬ್ಬಸ. ಏರ್‌ಪೋರ್ಟ್ ರಸ್ತೆಯನ್ನು ಅಗೆದು ಹಾಕಿದ್ದ ಆ ಕಾಲದಲ್ಲಿ ಊರೆಲ್ಲ ದೂಳು. ಯಾವ ಗಳಿಗೆಯಲ್ಲಿ ಅವಳಿಗೆ ಉಸಿರು ಕಟ್ಟುವುದೋ ಹೇಳುವಂತಿರಲಿಲ್ಲ. ಕಟ್ಟಿದರೆ ಹೆಬ್ಬಾಳದ ಡಾಕ್ಟರ ಬಳಿ ಓಡಬೇಕು. ಫಿಲ್ಟರಿಗೆ ದೂಳು ಕಟ್ಟದೆ ಒಂದೇ ಕಿಕ್ಕಿಗೆ ಗಾಡಿ ಸ್ಟಾರ್ಟ್ ಆಗಬೇಕು ಎಂಬುದೊಂದೇ ದೊಡ್ಡಪ್ಪನ ವ್ರತ. ದೇವರ ಕೋಣೆಗೆ ಕಾಲಿಡದ ಮನುಷ್ಯ, ಈ ವ್ರತವನ್ನು ಮಾತ್ರ ಎಂದೂ ತಪ್ಪಿಸಲಿಲ್ಲ.

ಒಂದು ಶನಿವಾರ ಅವನು ಸ್ಪಂಜನ್ನು ಬಿಚ್ಚಿಟ್ಟು ಸೀಮೆಎಣ್ಣೆ ತರಲು ಅಂಗಡಿಗೆ ಹೋಗಿದ್ದ. ದೊಡ್ಡಮ್ಮ, ತಲೆಗೆಂದು ನೆನೆಸಿಟ್ಟಿದ್ದ ಸೀಗೆಪುಡಿ ಹಾಕಿ ಅದನ್ನು ತಿಕ್ಕಿ ತಿಕ್ಕಿ ತೊಳೆದು, ತನ್ನ ರವಿಕೆಗಳ ಪಕ್ಕದಲ್ಲಿ ತಂತಿಗೆ ನೇತುಹಾಕಿದಳು. ತಿಕ್ಕುವ ಮೊದಲು ಒದರಿದ ದೂಳಿಗೇ ಉಬ್ಬಸ ಏರಿತು. ದೊಡ್ಡಪ್ಪ ಬರುವಷ್ಟರಲ್ಲಿ ತುಟಿ ನೀಲಿಯಾಗಿತ್ತು. ನೀರು ಸುರಿಯುತ್ತಿದ್ದ ಸ್ಪಂಜನ್ನು ಅವನು ತಿರುಗಿಯೂ ನೋಡಲಿಲ್ಲ. ಫಿಲ್ಟರಿಲ್ಲದೆಯೇ ಕಿಕ್ ಹೊಡೆದ. ಅಮ್ಮ ದೊಡ್ಡಮ್ಮನನ್ನು ನಡುವೆ ಕೂರಿಸಿಕೊಂಡು ಹಿಂದಿನಿಂದ ತಬ್ಬಿ ಹಿಡಿದಳು. ಅವರು ಹೋದಮೇಲೆ ನಾವು ಮಕ್ಕಳು ಅಳಲೂ ಹೆದರಿ ಗೇಟಿನ ಬಳಿಯೇ ನಿಂತಿದ್ದೆವು.

ಸಂಜೆ ದೊಡ್ಡಮ್ಮ ವಾಪಸು ಬಂದಳು. ಬಂದವಳೇ ಮೆಲ್ಲಗೆ ಹೇಳಿದಳು, "ಸೀಮೆಣ್ಣೇಲಿ ನಿಮ್ ಕೈ ಒಡೀತದೆ ಅಂತ ನಾನೇ ತೊಳ್ದೆ."

ದೊಡ್ಡಪ್ಪ ಬೈಯುತ್ತಾನೆಂದು ಕಾದೆವು. ತಂತಿಯ ಮೇಲಿನ ಸ್ಪಂಜನ್ನು ಮೂಸಿ, "ಓಗ್ಲಿ ಬಿಡು, ಗಾಡಿನೂ ಗಮ್ಮಂತೈತೆ" ಎಂದ. ಅವರಿಬ್ಬರ ನಡುವೆ ಅಷ್ಟು ಅಕ್ಕರೆಯ ಮಾತನ್ನು ನಾನು ಮತ್ತೆ ಕೇಳಿದ ನೆನಪಿಲ್ಲ. ನಿಮ್ಮ ಮನೆಯ ಹಿರಿಯರೂ ಹೀಗೇ ಇದ್ದಿರಬಹುದು. ಪ್ರೀತಿ ಎಂಬ ಮಾತನ್ನೇ ಬಾಯಿಗೆ ತರದವರು.

ದೊಡ್ಡಮ್ಮ ಕೊನೆಗೆ ಹೋದದ್ದು ಉಬ್ಬಸದಿಂದಲ್ಲ, ನಿದ್ದೆಯಲ್ಲಿ. ಗಾಡಿ ತೆಗೆಯುವ ಅವಕಾಶವೇ ದೊಡ್ಡಪ್ಪನಿಗೆ ಸಿಗಲಿಲ್ಲ. ತಿಥಿ ಮುಗಿದು ನೆಂಟರೆಲ್ಲ ಹೊರಟುಹೋದ ಮೇಲಿನ ಶನಿವಾರ ಅವನು ಅಂಗಳದಲ್ಲಿ ಕೂತು ಸ್ಪಂಜನ್ನು ಹಿಂಡುತ್ತಿದ್ದ. ಎಲ್ಲಿಗೆ ಹೊರಟೆ ಎಂದು ಕೇಳಿದೆ.

"ಎಲ್ಗೂ ಇಲ್ಲ ಕಣವ್ವ. ರೆಡಿ ಇರ್ಲಿ ಅಂತ."