ಕೋಟೆ ದಿಬ್ಬದ ಕರಡಿಗೆ

ಹಳಿಯಾಳದ ಪೇಟೆಯಲ್ಲಿ ಅಬ್ದುಲ್ ಕರೀಮರು ಮೂವತ್ತೊಂದು ವರ್ಷಗಳಿಂದ ಪಂಪ್‌ಸೆಟ್ ಮೋಟಾರುಗಳಿಗೆ ತಂತಿ ಸುತ್ತಿಕೊಡುತ್ತ ಬಂದವರು. ಅದೇ ತಾಮ್ರದ ತಂತಿಯನ್ನು ಪ್ಲಾಸ್ಟಿಕ್ ಬುಟ್ಟಿಯ ಅಂಚಿಗೆ ಸುತ್ತಿ, ಹಳೆಯ ರೇಡಿಯೋದ ಬಿಡಿಭಾಗ ಜೋಡಿಸಿ, ಲೋಹ ಹುಡುಕುವ ಯಂತ್ರವೊಂದನ್ನು ಮಾಡಿಕೊಂಡಿದ್ದರು. ಭಾನುವಾರ ಬಂದರೆ ಅದನ್ನು ಹೆಗಲಿಗೇರಿಸಿ ಊರಾಚೆಯ ಹಾಳು ಕೋಟೆಯ ದಿಬ್ಬಕ್ಕೆ ಹೋಗುವರು. ಲಾಳದ ಮೊಳೆ, ಬಾಣದ ತುದಿ, ಏನು ಸಿಕ್ಕರೂ ಶಾಲೆಯ ಕಪಾಟಿಗೆ ಕೊಡುವರು. ಎಲ್ಲಿ, ಎಷ್ಟು ಆಳದಲ್ಲಿ ಸಿಕ್ಕಿತೆಂದು ಅಳೆದು ಬರೆದಿಡುವರು. ತೋಡಿದ ಕುಳಿಯನ್ನು ಹುಲ್ಲುಹೆಂಟೆ ಸಮೇತ ಗುರುತು ಸಿಗದಂತೆ ಮುಚ್ಚುವರು.

ಗೋರಿ ಕೆದಕಬಾರದೆಂಬ ಭಯವೊಂದಿತ್ತು. ಅದಕ್ಕೂ ಒಂದು ಲೆಕ್ಕ ಹಾಕಿಕೊಂಡಿದ್ದರು. ತಮ್ಮವರನ್ನು ಬರೀ ಕಫನ್ ಬಟ್ಟೆ ಸುತ್ತಿ ಮಣ್ಣು ಮಾಡುತ್ತಾರೆ. ಉಂಗುರ ಕೂಡ ಬಿಡುವುದಿಲ್ಲ. ಹಾಗಾಗಿ ಯಂತ್ರ ಕೂಗಿದಲ್ಲಿ ಗೋರಿ ಇರಲಾರದು.

ಹೋದ ವರ್ಷ ಮಳೆ ನಿಂತ ಮೇಲೆ, ನೀರು ಕೊರೆದ ಇಳಿಜಾರಿನಲ್ಲಿ ಯಂತ್ರ ಕೂಗಿತು. ಒಂದಡಿ ತೋಡಿದಾಗ ಮೊಟ್ಟೆಯಾಕಾರದ ಮಣ್ಣುಂಡೆಯೊಂದು ಕಂಡಿತು. ಸಣ್ಣ ಸಣ್ಣ ಬೇರುಗಳು ಅದನ್ನು ಸುತ್ತಿ ಹಿಡಿದಿದ್ದವು. ಒಂದೊಂದಾಗಿ ಬಿಡಿಸಿ ತೆಗೆದರು. ಅಷ್ಟರಲ್ಲಿ ಯಾರೋ ದನ ಹೊಡೆದುಕೊಂಡು ಬರುವ ಸದ್ದಾಯಿತು. ನಿಧಿ ಸಿಕ್ಕಿತೆಂದು ಊರೆಲ್ಲ ಗುಲ್ಲಾದೀತೆಂದು ಹೆದರಿ, ಕುಳಿ ಮುಚ್ಚಿ ಹೊರಟುಬಿಟ್ಟರು. ಅಂದು ಮಾತ್ರ ಅಳೆಯಲಿಲ್ಲ.

ಮನೆಯಲ್ಲಿ ತೊಳೆದಾಗ, ನೋಡುತ್ತಿದ್ದ ಹೆಂಡತಿ ನೂರಜಹಾನ ಎರಡು ಹೆಜ್ಜೆ ಹಿಂದೆ ಸರಿದರು. ಅದು ಲಿಂಗಾಯತರು ಕೊರಳಲ್ಲಿ ಧರಿಸುವ ಬೆಳ್ಳಿಯ ಕರಡಿಗೆ; ಒಳಗೆ ಕಪ್ಪು ಲಿಂಗವಿತ್ತು. ಕರೀಮರು ತಮ್ಮ ಬೆರಳುಗಳನ್ನು ನೋಡಿಕೊಂಡರು. ಆ ಬೇರುಗಳಿಗೆ ಗಂಟುಗಳಿದ್ದವು, ಸಿಪ್ಪೆ ಇರಲಿಲ್ಲ.

ಅಂದಿನಿಂದ ತಂತಿ ಸುತ್ತುವಾಗ, ಊಟಕ್ಕೆ ಕೂತಾಗ, ಯಂತ್ರದ ಸಣ್ಣ ಕೂಗು ಕಿವಿಗೆ ಬೀಳತೊಡಗಿತು. ಬ್ಯಾಟರಿ ತೆಗೆದಿಟ್ಟರೂ ನಿಲ್ಲಲಿಲ್ಲ. ಐದನೆಯ ದಿನ ದಿಬ್ಬದ ಕೆಳಗಿನ ಊರಿನ ಕಾಶೆವ್ವನ ಮನೆಗೆ ಹೋದರು. ಆ ಲಿಂಗಾಯತ ಮುದುಕಿಯ ಮೋಟಾರು ಕೆಟ್ಟಾಗಲೆಲ್ಲ ಸರಿಮಾಡಿ ಕೊಟ್ಟವರು ಅವರೇ. ಕಾಶೆವ್ವ ಕರಡಿಗೆಯನ್ನು ಹಣೆಗೆ ಮುಟ್ಟಿಸಿಕೊಂಡಳು.

"ನಾವು ಸತ್ತವರನ್ನ ಕೂಡಿಸಿ ಮಣ್ಣ ಕೊಡ್ತೇವಿ, ಕೈಯಾಗ ಲಿಂಗಪ್ಪನ್ನ ಇಟ್ಟು. ಹಿಂದಿನ ಮಂದಿ ಕರಡಿಗಿ ಸುದ್ದಾ ಇಡ್ತಿದ್ರು," ಎಂದಳು. "ಸತ್ತವರ ಕೈ ಬಿಡಿಸಿ ತಂದೀರಲ್ರಿ, ಸಾಬ್ರ. ಮೋಟಾರ ಬಿಚ್ಚಿದಂಗ ಬಿಚ್ಚಿದ್ರೇನು?"

"ಗೊತ್ತಾಗ್ಲಿಲ್ಲ ಯವ್ವಾ. ಅವರಿಗೇ ಮುಟ್ಟಿಸಬೇಕು. ಆದ್ರ ಜಾಗಾನ ಸಿಗವಲ್ದು."

ಇಬ್ಬರೂ ದಿಬ್ಬ ಹತ್ತಿದರು. ಯಂತ್ರ ಎಲ್ಲಿಯೂ ಕೂಗಲಿಲ್ಲ. ಕೂಗಿಸುವಂಥದ್ದು ಆ ಗೋರಿಯಲ್ಲಿ ಈಗ ಏನೂ ಉಳಿದಿರಲಿಲ್ಲ. ಅದು ಕಾಶೆವ್ವನ ಸೆರಗಿನ ಗಂಟಿನಲ್ಲಿತ್ತು. ಕುಳಿ ಮುಚ್ಚುವ ತಮ್ಮ ಅಚ್ಚುಕಟ್ಟೇ ಕರೀಮರಿಗೆ ಶತ್ರುವಾಯಿತು. ಕೊನೆಗೆ ಇಳಿಜಾರಿನ ಉದ್ದಕ್ಕೂ ದಾರ ಕಟ್ಟಿ, ಗೇಣಿಗೊಂದು ಕಡೆ ಕಬ್ಬಿಣದ ಸರಳು ಚುಚ್ಚುತ್ತ ಹೋದರು. ಒಮ್ಮೆ ತೋಡಿದ ಮಣ್ಣು ಸಡಿಲ ಇರಲೇಬೇಕು. ಮೂರನೆಯ ಮಧ್ಯಾಹ್ನ ಸರಳು ತಡೆಯಿಲ್ಲದೆ ಒಳಗಿಳಿಯಿತು.

ಮಣ್ಣನ್ನು ಕೈಯಿಂದಲೇ ಬಗೆದರು. ಕಾಶೆವ್ವ ಗಂಟು ಬಿಚ್ಚಿ ಕರಡಿಗೆ ಕೊಟ್ಟಳು. ಅದನ್ನು ಹಿಡಿದು ಮೊಣಕೈವರೆಗೆ ತೋಳು ಇಳಿಸಿದಾಗ ಆ ಗಂಟುಗಂಟಿನ ತಣ್ಣನೆಯ ತುದಿಗಳು ತಗುಲಿದವು. ಕರೀಮರ ಕೈ ಅಲ್ಲಿಯೇ ನಿಂತಿತು.

"ಬಿಡ್ರಿ," ಎಂದಳು ಕಾಶೆವ್ವ, ಮೆಲ್ಲಗೆ. "ಇನ್ನ ಅವರು ಹಿಡಕೋತಾರ."

ಕರೀಮರು ಬೆರಳು ಸಡಿಲಿಸಿದರು. ಬೆರಳಿನ ಭಾರ ಇಳಿಯಿತು. ಕರಡಿಗೆ ಕೆಳಗೆ ಬಿದ್ದ ಸಪ್ಪಳ ಕೇಳಲಿಲ್ಲ.