ಹುರುಳಿಕಾಯಿಗೆ ನಾನು ಕಟ್ಟಿದ ರೇಟು

ಹೋದ ತಿಂಗಳು ಒಂದು ಭಾನುವಾರ ನಮ್ಮತ್ತೆ ಕೋಲಾರದ ನಡುರಸ್ತೆಯಲ್ಲಿ ಒಬ್ಬ ಪ್ರಾಮಾಣಿಕ ಹೆಂಗಸಿಗೆ ‘ಕಳ್ಳಿ’ ಅಂದುಬಿಟ್ಟರು. ತಪ್ಪು ಅತ್ತೆಯದಲ್ಲ. ನನ್ನದು.

ವಿಷಯ ಇಷ್ಟು. ವೇಮಗಲ್ ಕಡೆಯ ಮುನಿವೆಂಕಟಮ್ಮ ಪ್ರತಿ ಭಾನುವಾರ ಬೆಳಿಗ್ಗೆ ನಮ್ಮ ಬಡಾವಣೆಯ ಪಾರ್ಕ್ ಮುಂದೆ ತರಕಾರಿ ಬುಟ್ಟಿ ಇಳಿಸುತ್ತಾರೆ. ಔಷಧಿ ಹೊಡೆಯದೆ, ಬರೀ ಕೊಟ್ಟಿಗೆ ಗೊಬ್ಬರ ಹಾಕಿ ಬೆಳೆದದ್ದು. ಹುರುಳಿಕಾಯಿ ಕೆಜಿಗೆ ತೊಂಬತ್ತು. ಎದುರಿನ ತಳ್ಳುಗಾಡಿಯಲ್ಲಿ ನಲವತ್ತು.

ವಿಷವಿಲ್ಲದ ಊಟದ ಬಗ್ಗೆ ಇದೇ ಅಂಕಣದಲ್ಲಿ ಉದ್ದುದ್ದ ಬರೆದವಳು ನಾನು. (ಓದಿ ಹೊಗಳಿದವರಿಗೆ ಮತ್ತೊಮ್ಮೆ ಥ್ಯಾಂಕ್ಸ್.) ಅಷ್ಟೆಲ್ಲಾ ಬರೆದು ತಳ್ಳುಗಾಡಿ ಹತ್ತಿರ ನಿಲ್ಲೋದು ಹೇಗೆ? ಯಾರಾದರೂ ನೋಡಿದರೆ? ಮುನಿವೆಂಕಟಮ್ಮನ ಹತ್ತಿರವೇ ತಗೊಂಡೆ.

ಮನೇಲಿ ಅತ್ತೆ ಇದ್ದಾರೆ. ಶ್ರೀನಿವಾಸಪುರದವರು, ತರಕಾರಿ ಬೆಳೆದೇ ಬದುಕಿದ ಮನೆತನ. ನಾನು ಚಪ್ಪಲಿ ಬಿಡೋ ಮೊದಲೇ ಪ್ರಶ್ನೆ ಬರುತ್ತೆ.

“ಎಷ್ಟೇ ಇದು?”

ತೊಂಬತ್ತು ಅಂದರೆ ಸಂಜೆವರೆಗೂ ಭಾಷಣ. “ನಲವತ್ತು ಅತ್ತೆ” ಅಂದೆ. ಎಷ್ಟು ಸಲೀಸಾಗಿ ಬಂತು ಅಂದರೆ, ನನಗೇ ಆಶ್ಚರ್ಯ.

ಪಲ್ಯ ರುಚಿಯಾಗಿತ್ತು. ಅದೇ ಎಡವಟ್ಟಾಯಿತು. ಅತ್ತೆ ಪಕ್ಕದ ಮನೆ ಸರೋಜಮ್ಮನಿಗೆ ಹೇಳಿದರು. ಸರೋಜಮ್ಮ ಮಹಡಿ ಮೇಲಿನ ಟೀಚರಿಗೆ ಹೇಳಿದರು. ಮುಂದಿನ ಭಾನುವಾರ ನನ್ನ ಕೈಗೆ ಎರಡು ಚೀಲ, ಒಂದೊಂದರಲ್ಲೂ ನಲವತ್ತು ರೂಪಾಯಿ.

“ಹೇಗೂ ಹೋಗ್ತೀರಲ್ಲ, ನಮಗೂ ಒಂದ್ ಕೆಜಿ ತಂದ್ಬಿಡಿ. ನಾವೂ ಆರ್ಗ್ಯಾನಿಕ್ ತಿನ್ನೋಣ.”

ಸತ್ಯ ಹೇಳಬಹುದಿತ್ತು. ಹೇಳಿದೆನಾ? ಕೆಜಿಗೆ ಐವತ್ತು ರೂಪಾಯಿ ಕೈಯಿಂದ ಹಾಕಿದೆ. ಅದರ ಮುಂದಿನ ವಾರ ಐದು ಚೀಲ. ನನ್ನ ಸ್ವಂತ ಸಬ್ಸಿಡಿಯಲ್ಲಿ ನಮ್ಮ ಬೀದಿ ಸಾವಯವವಾಯಿತು. (ಬರವಣಿಗೆಯ ಪ್ರಭಾವ ಇರಬಹುದೇ ಅಂತ ಒಳಗೊಳಗೇ ಹಿಗ್ಗಿದ್ದೂ ಉಂಟು.)

ಮೊದಲೇ ಹೇಳಿದ ಆ ಭಾನುವಾರ ನನಗೆ ಜ್ವರ. ಚೀಲಗಳನ್ನು ಹಿಡಿದು ಅತ್ತೆಯೇ ಹೊರಟರು. ಹತ್ತು ನಿಮಿಷಕ್ಕೆ ಟೀಚರ್ ಬಾಗಿಲು ಬಡಿದರು. “ಬೇಗ ಬನ್ನಿ, ನಿಮ್ಮತ್ತೆ ಪಾರ್ಕ್ ಹತ್ರ ಜಗಳ ಆಡ್ತಿದ್ದಾರೆ!”

ನೈಟಿ ಮೇಲೆ ಶಾಲು ಹೊದ್ದು ಓಡಿದೆ.

“ನಮ್ ಸೊಸೆಗೆ ನಲವತ್ತು, ನಂಗೆ ತೊಂಬತ್ತಾ? ವಯಸ್ಸಾದವಳು ಅಂತ ಟೋಪಿ ಹಾಕ್ತೀಯೇನೇ, ಕಳ್ಳಿ!” ಅತ್ತೆ ಕೂಗಾಡುತ್ತಿದ್ದರು. ಸುತ್ತ ವಾಕಿಂಗ್ ಬಂದವರೆಲ್ಲ ನಿಂತಿದ್ದರು. ಮುನಿವೆಂಕಟಮ್ಮ ನನ್ನ ಮುಖ ನೋಡಿದರು.

“ತೊಂಬತ್ತೇ ಅತ್ತೆ. ಮೊದಲಿನಿಂದಲೂ ತೊಂಬತ್ತೇ. ಸುಳ್ಳು ಹೇಳಿದ್ದು ನಾನು” ಅಂದೆ.

“ಅಯ್ಯೋ ದೇವುಡಾ!” ಅತ್ತೆ ಕೈಲಿದ್ದ ಚೀಲಗಳನ್ನು ಕೆಳಗಿಟ್ಟರು.

ಮುನಿವೆಂಕಟಮ್ಮ ಬೈಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು.

“ಯಾಕಮ್ಮಾ ಹಂಗ್ ಹೇಳಿದ್ರಿ? ಕಳೆ ಕೀಳೋ ಕೂಲಿನೇ ಎಷ್ಟಾಯ್ತದೆ ಗೊತ್ತಾ? ಇನ್ಮೇಲೆ ನಾನು ತೊಂಬತ್ತು ಅಂದ್ರೆ ಯಾರು ನಂಬ್ತಾರೆ?”

ರೈತರಿಗೆ ಸರಿಯಾದ ಬೆಲೆ ಸಿಗಲಿ ಅಂತ ಬರೆಯೋ ನಾನೇ ಒಬ್ಬ ರೈತ ಮಹಿಳೆಯ ಬೆಲೆಯನ್ನು ಅರ್ಧಕ್ಕಿಂತ ಕೆಳಗೆ ಇಳಿಸಿದ್ದೆ. ತಲೆ ಎತ್ತಲಾಗಲಿಲ್ಲ.

ಅತ್ತೆ ಮುನಿವೆಂಕಟಮ್ಮನ ಪಕ್ಕದಲ್ಲೇ ಕಲ್ಲಿನ ಮೇಲೆ ಕೂತರು. ಎಷ್ಟು ಗುಂಟೆ, ಆಳು ಎಷ್ಟು, ಹುಳ ತಿಂದು ಎಷ್ಟು ಹೋಗುತ್ತೆ? ಅರ್ಧ ಕನ್ನಡ, ಅರ್ಧ ತೆಲುಗಿನಲ್ಲಿ ಎಲ್ಲ ವಿಚಾರಿಸಿದರು. ಆಮೇಲೆ ಪರ್ಸ್ ತೆಗೆದು ತೊಂಬತ್ತು ಕೊಟ್ಟು, “ನನ್ ಮಾತು ತಪ್ಪಾಯ್ತು ಕಣಮ್ಮ” ಅಂದರು. ನನ್ನ ಕಡೆ ತಿರುಗಿ, “ರೇಟ್ ಹೇಳಿದ್ರೆ ಬೈತೀನಿ, ನಿಜ. ಬೈಸ್ಕೊಂಡು ತಿನ್ನೋಕೆ ನಿಂಗೇನೇ ಕಷ್ಟ?” ಅಂದರು.

ಈಗ ಮುನಿವೆಂಕಟಮ್ಮನ ಹತ್ತಿರ ಹೋಗೋದು ನಮ್ಮನೆ ಚೀಲ ಒಂದೇ. ಉಳಿದವರೆಲ್ಲ ತಳ್ಳುಗಾಡಿಗೆ ವಾಪಸ್. ಸರೋಜಮ್ಮನ ಮನೆಗೆ ಹೋಗಿ ಕ್ಷಮೆ ಕೇಳಿದೆ. ಕಾಫಿ ಕೊಟ್ಟರು, ಕೋಪವೇನೂ ಇರಲಿಲ್ಲ, ಬೇಜಾರು ಮಾತ್ರ ಇತ್ತು.

“ನೀವು ಸುಳ್ಳು ಹೇಳ್ತಿದ್ದಾಗಲೇ ನಮ್ಮ ಆರೋಗ್ಯ ಚೆನ್ನಾಗಿತ್ತು ಕಣ್ರೀ.”